ಗೊತ್ತಿರುವವರನ್ನು ಕರೆತನ್ನಿ

ಫೆಬ್ರವರಿ 3, ಸೋಮವಾರ

ಬೆಳಗ್ಗೆ ಧ್ವನಿ ಸ್ವಲ್ಪ ಇತ್ತು. ಮಧ್ಯಾಹ್ನದ ಹೊತ್ತಿಗೆ ಕೈಕೊಟ್ಟಿತು. ಬಿಸಿನೀರು, ಆವಿ, ಮಾತ್ರೆ, ಎಲ್ಲ ಆಯಿತು. ಗಂಟಲಿನ ಡಾಕ್ಟರು ಫೋನಿನಲ್ಲಿ ಹಳೇ ರಾಗವನ್ನೇ ಎಳೆದರು. ಕೂಗಬೇಡಿ. ಪಿಸುಗುಟ್ಟಲೂ ಬೇಡಿ, ಅದು ಇನ್ನೂ ಕೆಟ್ಟದ್ದು. ತಡೆಯಲಾಗದಿದ್ದರೆ ಬರೆದಿಡಿ.

ಬರೆದಿಡುತ್ತಿದ್ದೇನೆ.

ಇಷ್ಟು ವರ್ಷ ವಿಜ್ಞಾನ ಪಾಠ ಮಾಡಿ ಗಂಟಲಲ್ಲಿ ಗಂಟು ಬೆಳೆಸಿಕೊಂಡದ್ದಾಯಿತು. ಅರ್ಧ ವರ್ಷದಿಂದ ತರಗತಿ ಇಲ್ಲ. ಶಾಲೆಯ ಮುಂಬಾಗಿಲ ಪಕ್ಕ ಅಡ್ಮಿಷನ್ ಡೆಸ್ಕು. ಒಂದು ಮೇಜು, ಕಿರುಗುಟ್ಟುವ ಫ್ಯಾನು, ಗಾಜಿನ ಬೀರುವಿನಲ್ಲಿ ಯಾವುದೋ ಕಾಲದಲ್ಲಿ ಆಟದಲ್ಲಿ ಗೆದ್ದ ಕಪ್ಪುಗಳು. ಬಂದವರ ಹತ್ತಿರ ಮೆಲ್ಲಗೆ ಮಾತಾಡಿದರೆ ಸಾಕು ಅಂದಿದ್ದರು ಹೆಡ್‌ಮೇಡಂ. ಬರುವವರೇ ಇಲ್ಲ. ದೊಡ್ಡ ರಸ್ತೆಯಲ್ಲಿ ಈಜುಕೊಳದ ಹೊಸ ಸ್ಕೂಲು ಶುರುವಾದ ಮೇಲೆ ನಮ್ಮ ಆರನೇ ತರಗತಿಯ ಎರಡು ಸೆಕ್ಷನ್ ಸೇರಿ ಒಂದಾಗಿದೆ. ಈ ಡೆಸ್ಕೂ ಹೋದರೆ... ಧ್ವನಿಯಿಲ್ಲದ ಟೀಚರನ್ನು ಯಾರು ಇಟ್ಟುಕೊಳ್ಳುತ್ತಾರೆ?

ಮನೆಯಲ್ಲಿ ಅತ್ತೆಗೆ ಕಿವಿ ಮಂದ. ಇವರು ಬಸ್ ಡಿಪೋದಿಂದ ಬಂದು ಶೂ ಬಿಚ್ಚುತ್ತಾ, "ಏನ್ ಮನೆಯಪ್ಪಾ ಇದು. ಒಬ್ಬರಿಗೆ ಕೇಳಲ್ಲ, ಇನ್ನೊಬ್ಬರಿಗೆ ಹೇಳೋಕಾಗಲ್ಲ. ಜಗಳ ಆಡಬೇಕಂದ್ರೂ ನಾನೊಬ್ಬನೇ ಆಡ್ಕೋಬೇಕು" ಅಂದರು. ನಕ್ಕೆ. ನಕ್ಕರೂ ನೋವು.

ಫೆಬ್ರವರಿ 5, ಬುಧವಾರ

ಮೀಟಿಂಗ್. ಸೆಕ್ರೆಟರಿ ಕರೆದಿದ್ದರು. ಶಾಲೆ ಕಟ್ಟಿದ ಹಿರಿಯರ ಮಗ, ಈ ವರ್ಷವಷ್ಟೇ ಆಡಳಿತ ವಹಿಸಿಕೊಂಡವರು. ಕುರ್ಚಿಯಲ್ಲಿ ಕೂರುವುದೇ ಇಲ್ಲ, ಓಡಾಡಿಕೊಂಡೇ ಮಾತು.

"ಅವರು ಹೋರ್ಡಿಂಗ್ ಹಾಕ್ತಾರೆ, ಈಜುಕೊಳ ತೋರಿಸ್ತಾರೆ. ನಮ್ಮ ಹತ್ರ ಏನಿದೆ? ಮಕ್ಕಳಿದ್ದಾರೆ. ರೆಫರಲ್ ಅಂದ್ರೆ ಅದೇ. ಪ್ರತಿ ಮಗು ತನಗೆ ಗೊತ್ತಿರೋ ಒಂದು ಮನೆಯವರನ್ನ ಕರ್ಕೊಂಡು ಬರಲಿ. ಮಕ್ಕಳ ಬಾಯಲ್ಲಿ ಬಂದ ಮಾತನ್ನ ಯಾರೂ ಅನುಮಾನಿಸಲ್ಲ."

ಹೆಡ್‌ಮೇಡಂ ಕನ್ನಡಕ ಒರೆಸುತ್ತಾ, "ಮಕ್ಕಳನ್ನ ಯಾಕೆ ಇದಕ್ಕೆಲ್ಲ... ಕೇಳೋದಿದ್ರೆ ಅವರ ತಂದೆ-ತಾಯಿನ ಕೇಳಬಹುದಲ್ವಾ" ಅಂದರು. ಸೆಕ್ರೆಟರಿ ನಕ್ಕು, "ತಂದೆ-ತಾಯಿ ಯೋಚನೆ ಮಾಡ್ತಾರೆ ಮೇಡಂ" ಅಂದರು.

ಆ ಮಾತಿಗೆ ಕೋಣೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ. ಗಂಟಲು ನೆಪಕ್ಕೆ ಒದಗಿತು.

ಒಬ್ಬರನ್ನು ಕರೆತಂದ ಮಗುವಿಗೆ ಅಂಗಿಯ ಮೇಲೊಂದು ಬಟ್ಟೆಯ ನಕ್ಷತ್ರ. ಪ್ರಾರ್ಥನೆಯ ಹೊತ್ತಿನಲ್ಲಿ ಮುಂದಿನ ಸಾಲು. ಕರಪತ್ರ ಬರೆಯುವ ಕೆಲಸ ನನಗೆ ಬಿತ್ತು. "ಗೊತ್ತಿರುವವರನ್ನು ಕರೆತನ್ನಿ" ಎಂದು ತಲೆಬರಹ ಕೊಟ್ಟೆ. ಸೆಕ್ರೆಟರಿಗೆ ಬಹಳ ಹಿಡಿಸಿತು.

ಫೆಬ್ರವರಿ 10, ಸೋಮವಾರ

ನಕ್ಷತ್ರಗಳು ಬಂದವು. ಇಡೀ ಶಾಲೆಗೆ ಒಂದೇ ಮಾತು.

ಎರಡನೇ ತರಗತಿಯ ಒಬ್ಬ ಡೆಸ್ಕಿನ ಅಂಚಿಗೆ ಗದ್ದ ಇಟ್ಟು ನಿಂತ. "ಮಿಸ್, ನಮ್ಮಜ್ಜಿನ ಸೇರಿಸ್ಕೊಳ್ಳಿ."

"ಅಜ್ಜಿನಾ?"

"ಅವಳಿಗೆ ಓದೋಕೆ ಬರಲ್ಲ. ಒಂದನೇ ಕ್ಲಾಸಿಗೆ ಹಾಕಿ. ಗಲಾಟೆ ಮಾಡಲ್ಲ."

ಸಂಜೆ ಅತ್ತೆಗೆ ಹೇಳಿದೆ. ಅತ್ತೆ ನನ್ನ ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಈಗ ಈ ಮನೆಯಲ್ಲಿ ನನ್ನ ಮಾತು ಪೂರ್ತಿ ಅರ್ಥವಾಗುವುದು ಅವರೊಬ್ಬರಿಗೇ. ಬಿದ್ದು ಬಿದ್ದು ನಕ್ಕರು. ಆಮೇಲೆ, "ನಕ್ಷತ್ರ ಸಿಗದ ಮಕ್ಕಳು ಏನ್ ಮಾಡ್ತಾವೆ?" ಅಂತ ಕೇಳಿದರು.

ನೋಡಿದ್ದೇನೆ. ಹಿಂದಿನ ಸಾಲಿನಲ್ಲಿ ಬ್ಯಾಗನ್ನು ಎದೆಗೆ ಅವುಚಿಕೊಂಡು ನಿಲ್ಲುತ್ತವೆ. ನಕ್ಷತ್ರ ಇರಬೇಕಾದ ಜಾಗ ಕಾಣದ ಹಾಗೆ.

ಫೆಬ್ರವರಿ 12, ಬುಧವಾರ

ಫೀಸು ಮಾಫಿ ಇರುವ ಮಕ್ಕಳನ್ನು ಸೆಕ್ರೆಟರಿ ಬೇರೆಯಾಗಿ ಕರೆದರು. ಬಾಗಿಲು ತೆರೆದೇ ಇತ್ತು, ಡೆಸ್ಕಿಗೆ ಎಲ್ಲ ಕೇಳಿಸಿತು. ಗದರಲಿಲ್ಲ. ಸಿಹಿಯಾಗೇ ಹೇಳಿದರು. "ಸ್ಕೂಲು ನಿಮಗೋಸ್ಕರ ಇಷ್ಟು ಮಾಡಿದೆ. ನೀವು ಸ್ಕೂಲಿಗೋಸ್ಕರ ಏನು ಮಾಡ್ತೀರಿ ನೋಡೋಣ."

ಮಕ್ಕಳು ಒಬ್ಬೊಬ್ಬರಾಗಿ ಹೊರಗೆ ಬಂದರು.

ಕೊನೆಗೆ ಬಂದವಳು ‘ಇರುವೆ’. ಆರನೇ ತರಗತಿ. ತನಗಿಂತ ದೊಡ್ಡ ಬ್ಯಾಗು ಹೊತ್ತು ಓಡಾಡುತ್ತಾಳೆಂದು ನಾನೇ ಇಟ್ಟ ಹೆಸರು, ಈಗ ಅವಳ ಅಮ್ಮನೂ ಹಾಗೇ ಕರೆಯುತ್ತಾಳೆ. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ. ಅಪ್ಪ ಇಲ್ಲ.

"ಮಿಸ್, ಇನ್ನೊಂದು ಕಟ್ಟು ಕೊಡಿ."

"ನಿನ್ನೆ ಕೊಟ್ಟಿದ್ದು?"

"ಖಾಲಿ ಆಯ್ತು."

"ಅಷ್ಟೊಂದು ಜನ ಗೊತ್ತಾ ನಿಂಗೆ?"

"ಗೊತ್ತಾಗ್ತಾರೆ ಮಿಸ್."

ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಮುಖ ನೋಡಿದರೆ ತಮಾಷೆ ಇರಲಿಲ್ಲ. ಕೊಟ್ಟೆ. ಕಟ್ಟಿನ ದಾರ ಸಡಿಲವಾಗಿತ್ತು, ಬಿಗಿ ಮಾಡಿಯೇ ಕೊಟ್ಟೆ.

ಫೆಬ್ರವರಿ 15, ಶನಿವಾರ

ಎರಡು ದಿನ ಬರೆಯಲಾಗಲಿಲ್ಲ.   ಆದರೂ ಎಲ್ಲವನ್ನೂ ಸರಿಯಾಗಿ ಬರೆದಿಡಬೇಕು. ಯಾರೋ ಬಂದು "ಹಾಗೇನೂ ಆಗಿಲ್ಲ" ಅನ್ನುವ ಮೊದಲು.

ಗುರುವಾರ. ಡೆಸ್ಕು ಮುಚ್ಚಿ ಹೊರಟಿದ್ದೆ. ಇರುವೆಯ ಅಮ್ಮ ಗೇಟಿನಲ್ಲಿ ನಿಂತಿದ್ದಳು. ಕೆಲಸದ ಏಪ್ರನ್ ಕೂಡ ಬಿಚ್ಚಿರಲಿಲ್ಲ. "ಮಿಸ್, ಸ್ಪೆಷಲ್ ಕ್ಲಾಸ್ ಏನಾದ್ರೂ ಇದೆಯಾ ಇವತ್ತು?"

ಇಲ್ಲ ಅಂತ ತಲೆಯಾಡಿಸಿದೆ. ಅವಳ ಮುಖದ ಬಣ್ಣ ಇಳಿದು ಹೋದದ್ದನ್ನು ನೋಡಿದೆ.

ಗೇಟು ಕಾಯುವ ತಾತ, "ಕಾಗದದ ಕಟ್ಟು ಹಿಡ್ಕೊಂಡು ರಸ್ತೆ ದಾಟಿದ್ಲಲ್ಲಮ್ಮ, ಆ ಎತ್ತರದ ಬಿಲ್ಡಿಂಗ್ ಕಡೆ" ಅಂದ. ಹೊತ್ತು ಮುಳುಗುತ್ತಿತ್ತು. ಇಬ್ಬರೂ ಓಡಿದೆವು.

ಬಿಲ್ಡಿಂಗಿನ ಕೆಳಗೆ ಸೆಕ್ಯುರಿಟಿಯವನ ಕುರ್ಚಿ ಖಾಲಿ. ಮೊದಲ ಮಹಡಿಯ ಪ್ರತಿ ಬಾಗಿಲಿನ ಹಿಡಿಕೆಗೂ ನಮ್ಮ ಕರಪತ್ರ. ಎರಡನೆಯದರಲ್ಲೂ. ನನ್ನದೇ ಅಕ್ಷರ. ಗೊತ್ತಿರುವವರನ್ನು ಕರೆತನ್ನಿ. ಮೂರನೆಯದರಲ್ಲಿ ಮೊದಲಿನ ಬಾಗಿಲುಗಳಿಗೆ ಇತ್ತು, ಕೊನೆಯದಕ್ಕೆ ಇರಲಿಲ್ಲ. 

ಅಂದರೆ ಆ ಕೊನೆಯ ಬಾಗಿಲು.

ಅವಳಮ್ಮ ಬೆಲ್ ಒತ್ತಿ ಹಿಡಿದಳು. ಒಬ್ಬ ಗಂಡಸು ಬಾಗಿಲನ್ನು ಒಂದು ಗೇಣು ತೆರೆದ. ಮಾಮೂಲಿ ಮನುಷ್ಯ. ಬನಿಯನ್, ಕನ್ನಡಕ. ಬ್ಯಾಂಕಿನಲ್ಲೋ ಅಂಗಡಿಯಲ್ಲೋ ನೋಡಿದ್ದೇನೆ ಅನಿಸುವಂಥವನು.

"ಒಂದು ಹುಡುಗಿ ಬಂದಿದ್ಲಾ ಸಾರ್? ಸ್ಕೂಲ್ ಯೂನಿಫಾರ್ಮ್..."

"ಯಾರೂ ಬಂದಿಲ್ಲ."

ಅವನ ಹಿಂದೆ ಟೀಪಾಯಿಯ ಮೇಲೆ ನಮ್ಮ ಕಾಗದ ಬಿದ್ದಿತ್ತು. ಪಕ್ಕದಲ್ಲಿ ಒಂದು ಲೋಟ ನೀರು, ಕುಡಿದಿರಲಿಲ್ಲ.

 ಬಾಗಿಲಿಗೆ ಕಾಲು ಕೊಟ್ಟೆ. ಕೂಗಿದೆ. ಡಾಕ್ಟರೂ ಬೇಡ, ಗಂಟಲೂ ಬೇಡ, ಇದ್ದಷ್ಟನ್ನೂ ಹಾಕಿ ಕೂಗಿದೆ. ಬಂದದ್ದು ಮನುಷ್ಯರ ಧ್ವನಿಯೇ ಅಲ್ಲ, ತಗಡು ಹರಿದ ಹಾಗೆ. ಅಕ್ಕಪಕ್ಕದ ಬಾಗಿಲುಗಳು ತೆರೆದವು. ಪಕ್ಕದ ಮನೆಯ ಹೆಂಗಸು ಹೊರಗೆ ಬಂದು ಏನು ಎತ್ತ ಕೇಳದೆ ಸೀದಾ ಆ ಮನೆಯೊಳಗೆ ನುಗ್ಗಿದಳು. ಅಮ್ಮನೂ ಹಿಂದೆಯೇ. ಕೋಣೆ ಕೋಣೆ ಹುಡುಕಿದರು. ಇರಲಿಲ್ಲ.

ಆಗಲೇ ಮೆಟ್ಟಿಲ ಕಡೆ ತಿರುಗಿದ್ದು. ಮೇಲೆ ಹೋಗುವ ಮೆಟ್ಟಿಲಲ್ಲಿ ಒಂದು ಕರಪತ್ರ. ಅದರ ಮೇಲಿನ ತಿರುವಿನಲ್ಲಿ ರಾಶಿ, ಕೈಜಾರಿ ಚೆಲ್ಲಿದ ಹಾಗೆ. ಒಬ್ಬಳೇ ಓಡಿ ಹತ್ತಿದೆ. ಟೆರೇಸಿನ ಬಾಗಿಲು ಅರ್ಧ ತೆರೆದಿತ್ತು. ನೀರಿನ ಟ್ಯಾಂಕುಗಳು. ಆಚೆಗೆ ಮೊಣಕಾಲೆತ್ತರದ ಗೋಡೆ, ಅದರಾಚೆ ಏನೂ ಇಲ್ಲ. ಆ ಗೋಡೆ ನೋಡಿ ಬಾಗಿಲಲ್ಲೇ ನಿಂತೆ.

ಮತ್ತೆ ಕೂಗಿದೆ. ಟ್ಯಾಂಕಿನ ಹಿಂದೆ ಏನೋ ಸರಿದ ಸದ್ದು. ನನ್ನಿಂದ ದೂರಕ್ಕೆ. ಗೋಡೆಯ ಕಡೆಗೆ.

ನನ್ನ ಧ್ವನಿಗೆ ಹೆದರಿತ್ತು ಮಗು. ಅದು ನಾನು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು.

ಕೂತುಬಿಟ್ಟೆ. ನೆಲದ ಮೇಲೆ. ಪಿಸುಗುಟ್ಟಿದೆ. "ಇರುವೆ. ನಾನು ಕಣೇ. ಸೈನ್ಸ್ ಮಿಸ್."

 ಆಮೇಲೆ ಟ್ಯಾಂಕಿನ ಹಿಂದಿನಿಂದ, "ಜೇಡಕ್ಕೆ ಎಷ್ಟು ಕಾಲು?"

"ಎಂಟು. ಅದು ಕೀಟ ಅಲ್ಲ ಅಂದಿದ್ದಕ್ಕೆ ನೀನು ನನ್ನ ಜೊತೆ ಒಂದು ವಾರ ಜಗಳ ಆಡಿದ್ದೆ."

ಬಂದಳು. ನಡೆದುಕೊಂಡಲ್ಲ, ತೆವಳಿಕೊಂಡು. ಬ್ಯಾಗು ಬೆನ್ನ ಮೇಲೇ ಇತ್ತು. ಎಡಗೈ ಮಣಿಕಟ್ಟು ಕೆಂಪಾಗಿತ್ತು. ಅವನು ನೀರು ಕೊಡುತ್ತೇನೆ, ಒಳಗೆ ಬಾ, ನನ್ನ ತಂಗಿಯ ಮಕ್ಕಳನ್ನ ನಿಮ್ಮ ಸ್ಕೂಲಿಗೇ ಸೇರಿಸುತ್ತೇನೆ ಅಂದನಂತೆ. ಒಳಗೆ ಹೋದ ಮೇಲೆ ಕೈ ಹಿಡಿದನಂತೆ. ಬಿಡಲಿಲ್ಲವಂತೆ. ಕಚ್ಚಿ ಬಿಡಿಸಿಕೊಂಡು ಹೊರಗೆ ಓಡಿದಳಂತೆ. ಕೆಳಗೆ ಓಡಬೇಕೆಂದರೆ ಅವನ ಬಾಗಿಲು ದಾಟಬೇಕಿತ್ತು, ಅವನು ಅಲ್ಲೇ ನಿಂತಿದ್ದ. ಅದಕ್ಕೆ ಮೇಲಕ್ಕೆ.

ಅಷ್ಟರಲ್ಲಿ ಹತ್ತಿ ಬಂದ ಅಮ್ಮನ ಏಪ್ರನ್ನಿನಲ್ಲಿ ಮುಖ ಹುದುಗಿಸಿ ಅವಳು ಮೊದಲು ಹೇಳಿದ್ದೇನು ಅಂದರೆ, "ಕಾಗದ ಎಲ್ಲ ಬಿದ್ದೋಯ್ತು. ಬೈತಾರಾ?"

ಫೆಬ್ರವರಿ 16, ಭಾನುವಾರ

ಶುಕ್ರವಾರ ಸೆಕ್ರೆಟರಿ ನನ್ನನ್ನು ಕರೆದದ್ದು ನಿನ್ನೆ ಬರೆಯಲು ಬಿಟ್ಟುಹೋಯಿತು. ಬಿಟ್ಟುಹೋಯಿತೋ, ಬಿಟ್ಟೆನೋ.

"ಏನೂ ಆಗಿಲ್ಲವಲ್ಲ ಮೇಡಂ. ಕೈ ಹಿಡಿದ, ಅಷ್ಟೇ ತಾನೆ? ಸ್ಕೂಲು ಬಿಟ್ಟ ಮೇಲೆ ಮಗು ತಾನಾಗೇ ಎಲ್ಲಿಗೋ ಹೋಗಿದೆ. ನಾವು ಮನೆ ಮನೆಗೆ ಹೋಗು ಅಂತ ಹೇಳಿರಲಿಲ್ಲ. ನೀವೂ ಹಾಗೇ ಹೇಳಿ. ಜೂನಿಗೆ ನಿಮ್ಮನ್ನ ಈ ಡೆಸ್ಕಿಗೆ ಪರ್ಮನೆಂಟ್ ಮಾಡೋ ವಿಚಾರ ಇದೆ."

ತಲೆಯಾಡಿಸಿದೆನಾ? ನೆನಪಿಲ್ಲ. ಹೌದಂತಲೋ ಅಲ್ಲಂತಲೋ ತಿಳಿಯದ ಹಾಗೆ ಆಡಿಸಿರಬೇಕು.

ಇವತ್ತು ಇರುವೆಯ ಅಮ್ಮ ಮನೆಗೆ ಬಂದಳು. ಕಂಪ್ಲೇಂಟ್ ಕೊಡುವುದೋ ಬೇಡವೋ. "ಬಾಯಿಂದ ಬಾಯಿಗೆ ಹೋಗುತ್ತೆ ಮಿಸ್. ಹುಡುಗಿ ವಿಷಯ. ಸ್ಕೂಲಿಂದ ತೆಗೆದುಹಾಕಿದ್ರೆ?" ಅವಳ ಕಣ್ಣಲ್ಲಿ ಇದ್ದದ್ದು, ನನ್ನೊಳಗೆ ಇರುವುದು, ಎರಡೂ ಒಂದೇ ಜಾತಿಯ ಹೆದರಿಕೆ.

ಅತ್ತೆ ನಮ್ಮಿಬ್ಬರ ತುಟಿಗಳನ್ನೂ ಒಂದೊಂದು ಸಲ ನೋಡುತ್ತಾ ಕೂತಿದ್ದರು. ಕೊನೆಗೆ ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ಎಲ್ಲಿಗೆ ಅತ್ತೆ?"

"ಸ್ಟೇಷನ್ನಿಗೆ. ನೀವು ಬರೋದಿದ್ರೆ ಬನ್ನಿ. ನಾಳೆ ಅದೇ ಬಾಗಿಲಿಗೆ ಇನ್ನೊಂದು ಮಗು ಹೋಗುತ್ತೆ, ನಿಮ್ಮ ಕಾಗದ ಹಿಡ್ಕೊಂಡು."

ಹೋದೆವು. ಮೂವರೂ. ನಡುವೆ, ದಾರಿಯಲ್ಲಿ ಮನೆಯಿಂದ ಕರೆದುಕೊಂಡ ಇರುವೆ.

ಅಲ್ಲಿದ್ದ ಹೆಣ್ಣು ಇನ್ಸ್‌ಪೆಕ್ಟರ್ ಮಗುವಿನ ಜೊತೆ ನೆಲದ ಮೇಲೆ ಕೂತು ಮಾತಾಡಿದರು. ಆಮೇಲೆ ನನ್ನ ಕಡೆ ತಿರುಗಿ, "ಆ ಕರಪತ್ರ ಅವಳ ಕೈಗೆ ಯಾರು ಕೊಟ್ಟಿದ್ದು?"

"ಕೊಟ್ಟಿದ್ದು ನಾನು. ಕೊಡಿಸಿದ್ದು ಶಾಲೆ."

ಕಾಗದದ ಮೇಲೆ ಬರೆದು ತೋರಿಸಬೇಕಾಯಿತು. ಧ್ವನಿ ಪೂರ್ತಿ ಹೋಗಿದೆ. ಬರೆದುಕೊಟ್ಟದ್ದನ್ನು ಅವರು ಜೋರಾಗಿ ಓದಿದಾಗ ಕೆಲಸ ಹೋಯಿತು ಅಂತ ಖಚಿತವಾಯಿತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಅತ್ತೆ ಬೆನ್ನು ಸವರಿದರು.

ಫೆಬ್ರವರಿ 24, ಸೋಮವಾರ

"ವಿಚಾರಣೆ ಮುಗಿಯೋ ತನಕ ಮನೇಲಿರಿ." ಸೆಕ್ರೆಟರಿಯ ಒಂದು ಸಾಲಿನ ಮೆಸೇಜು. ವಾರವಾಯಿತು.

ಫೋನು ಸದ್ದಾದರೆ ಬೆಚ್ಚುತ್ತೇನೆ. ಆಗದಿದ್ದರೆ ಇನ್ನೂ ಹೆದರಿಕೆ. ಕನಸಿನಲ್ಲಿ ಅದೇ ಟೆರೇಸು. ಟ್ಯಾಂಕಿನ ಹಿಂದೆ ಸದ್ದು, ನಾನು ಕೂಗುತ್ತೇನೆ, ಸದ್ದು ದೂರ ಹೋಗುತ್ತದೆ. ಎದ್ದು ಬಾಗಿಲು ಹಾಕಿದೆಯಾ ನೋಡುತ್ತೇನೆ. ಇವರು ಏನೂ ಕೇಳುವುದಿಲ್ಲ, ಬೆಳಗ್ಗೆ ಚಹಾ ತಾವೇ ಮಾಡುತ್ತಾರೆ. ಚೆನ್ನಾಗಿರುವುದಿಲ್ಲ. ಕುಡಿಯುತ್ತೇನೆ.

ಅವನನ್ನು ಹಿಡಿದಿದ್ದಾರೆ. ಪಕ್ಕದ ಮನೆಯ ಹೆಂಗಸು ಹಿಂದೆ ನೋಡಿದ್ದನ್ನೆಲ್ಲ ಹೇಳಿದಳಂತೆ. ಅವಳು ಅಷ್ಟು ಬೇಗ ಒಳಗೆ ನುಗ್ಗಿದ್ದು ಯಾಕೆ ಅಂತ ಈಗ ಗೊತ್ತಾಯಿತು. 

ಇರುವೆ ಶಾಲೆಗೆ ಹೋಗುತ್ತಿಲ್ಲ.

ಫೆಬ್ರವರಿ 27, ಗುರುವಾರ

ಹೆಡ್‌ಮೇಡಂ ಮನೆಗೆ ಬಂದರು. ರಿಟೈರ್ ಆಗಲು ಹತ್ತಿರವಿರುವವರು, ಮೆಟ್ಟಿಲು ಹತ್ತಿ ಏದುಸಿರು. ಕೂತವರೇ, "ನಾನು ಆವತ್ತೇ ಜೋರಾಗಿ ಹೇಳಬೇಕಿತ್ತು ಕಣಮ್ಮ. ನಿನಗಾದ್ರೂ ಗಂಟಲಿರಲಿಲ್ಲ. ನನಗೇನಾಗಿತ್ತು?" ಅಂದರು.

ಪೊಲೀಸರು ಸೆಕ್ರೆಟರಿಯನ್ನೂ ಕರೆಸಿದ್ದರಂತೆ. ನಾಳೆಯಿಂದ ಕೆಲಸಕ್ಕೆ ಬಾ ಅಂದರು ಹೆಡ್‌ಮೇಡಂ. ಬಂದು ಏನು ಮಾಡಲಿ? ಮಕ್ಕಳು ಬೇಕೇ ಬೇಕು, ಇಲ್ಲದಿದ್ದರೆ ಶಾಲೆ ಮುಚ್ಚುತ್ತದೆ, ಅದೇನೂ ಸುಳ್ಳಲ್ಲ. "ಹಾಗಾದ್ರೆ ಯಾರನ್ನೂ ಕೇಳೋದೇ ತಪ್ಪಾ?" ಅಂತ ಅವರೇ ಕೇಳಿದರು.

ಬರೆದು ತೋರಿಸಿದೆ. ಕೇಳುವುದು ತಪ್ಪಲ್ಲ. ಇಲ್ಲ ಅನ್ನಲು ಆಗದವರನ್ನು ಕೇಳುವುದು ತಪ್ಪು.

ಅವರು ಅದನ್ನು ಎರಡು ಸಲ ಓದಿದರು. "ಫೀಸು ಮಾಫಿ ಇರೋರನ್ನ?"

ಅವರನ್ನಂತೂ ಮರೆತೂ ಕೇಳಬಾರದು, ಅಂದೆ. ಅಂದೆ ಅಂದರೆ, ಬರೆದೆ.

"ಬಹುಮಾನ, ನಕ್ಷತ್ರ?"

ಅಲ್ಲಿಯ ತನಕ ಸುಮ್ಮನಿದ್ದ ಅತ್ತೆ ಬಾಯಿ ಹಾಕಿದರು. "ನನಗೆ ಈ ಕಿವಿ ಡಾಕ್ಟರು ಒಳ್ಳೆಯವರು ಅಂತ ಪಕ್ಕದ ಮನೆಯವಳು ಹೇಳಿದ್ಲು. ಅವಳಿಗೆ ಡಾಕ್ಟರ್ ಕಡೆಯಿಂದ ಏನಾದ್ರೂ ಸಿಗುತ್ತೆ ಅಂತ ಗೊತ್ತಿದ್ರೆ ನಾನು ಹೋಗ್ತಿದ್ನಾ?"

ಹೆಡ್‌ಮೇಡಂ ಚಹಾದ ಕಪ್ಪು ಕೆಳಗಿಟ್ಟು ನಕ್ಕುಬಿಟ್ಟರು. "ನಿಮ್ಮತ್ತೇನ ಮೀಟಿಂಗಿಗೆ ಕರ್ಕೊಂಡು ಬಾಮ್ಮ."

ಮಾರ್ಚ್ 3, ಸೋಮವಾರ

ಪ್ರಾರ್ಥನೆ. ನಕ್ಷತ್ರ ಇರುವವರೆಲ್ಲ ತಂದುಕೊಡಿ ಅಂದರು ಹೆಡ್‌ಮೇಡಂ. "ನೀವು ತಪ್ಪು ಮಾಡಿಲ್ಲ, ಕೇಳಿದ್ದು ನಮ್ಮ ತಪ್ಪು. ಇನ್ನು ಮುಂದೆ ಯಾರನ್ನಾದ್ರೂ ಕರೆತರೋದು ನಿಮ್ಮ ಕೆಲಸ ಅಲ್ಲ. ಓದೋದು, ಆಡೋದು, ಅಷ್ಟೇ."

ಮೂರು ನಕ್ಷತ್ರದ ಒಬ್ಬ ಹುಡುಗ ಕೊಡಲೇ ಇಲ್ಲ. ಬಿಚ್ಚಲು ಹೋದರೆ ಅತ್ತ. ಬಿಟ್ಟೆವು. ಅವನದ್ದೇನು ತಪ್ಪು.

ಸೆಕ್ರೆಟರಿ ಆಮೇಲೆ ಡೆಸ್ಕಿನ ಹತ್ತಿರ ಬಂದರು. ಮೊದಲ ಸಲ ಕುರ್ಚಿ ಎಳೆದು ಕೂತರು. ಬೈಯುತ್ತಾರೆ ಅಂದುಕೊಂಡೆ. "ನನಗೂ ಹೆದರಿಕೆ ಇತ್ತು ಮೇಡಂ" ಅಂದರು. "ಅಪ್ಪ ಕಟ್ಟಿದ್ದು ನನ್ನ ಕೈಯಲ್ಲಿ ಮುಚ್ಚಿಹೋಗುತ್ತೆ ಅಂತ." ಕ್ಷಮೆ ಕೇಳಲಿಲ್ಲ. ಇರುವೆ ಹೇಗಿದ್ದಾಳೆ ಅಂತ ಕೇಳಿದರು. ಮನೆಯ ವಿಳಾಸ ಕೊಡುತ್ತೇನೆ, ನೀವೇ ಹೋಗಿ ಕೇಳಿ ಅಂದೆ. ಹೋದರಂತೆ. ಅಮ್ಮ ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ನಿಂತು ಮಾತಾಡಿ ಬಂದರಂತೆ.

ಧ್ವನಿ ಒಂದಿಷ್ಟು ಬಂದಿದೆ. ಮೊದಲಿನದ್ದಲ್ಲ. ಬೇರೆ ಯಾರದ್ದೋ ಹಾಗೆ. ಸ್ಕ್ಯಾನ್ ಮಾಡಬೇಕು ಅಂದಿದ್ದಾರೆ. ಮುಂದೆ ಹಾಕುತ್ತಿದ್ದೇನೆ.

ಮಾರ್ಚ್ 8, ಶನಿವಾರ

ಪೋಷಕರ ಸಭೆ. ನಾನೇ ಮಾತಾಡಬೇಕು ಅಂದರು. ಮೈಕು ಬಾಯಿಗೆ ತಾಗುವಷ್ಟು ಹತ್ತಿರ ಇಟ್ಟುಕೊಂಡೆ. 

ಮೊದಲು ನಡೆದದ್ದನ್ನು ಹೇಳಿದೆ. ಮಗುವಿನ ಗುರುತು ಹೇಳದೆ, ನಮ್ಮ ತಪ್ಪನ್ನು ಮಾತ್ರ.  ಇಬ್ಬರು ಎದ್ದು ಹೊರಟೇ ಹೋದರು. ನೋಡಿಯೂ ಮಾತು ನಿಲ್ಲಿಸಲಿಲ್ಲ.

ಆಮೇಲೆ: "ಶಾಲೆಗೆ ಮಕ್ಕಳು ಬೇಕು. ಅದನ್ನ ಮುಚ್ಚಿಡಲ್ಲ. ನಿಮಗೆ ಈ ಶಾಲೆ ಇಷ್ಟ ಆಗಿದ್ರೆ, ನಿಮ್ಮನ್ನ ಯಾರಾದ್ರೂ ಕೇಳಿದ್ರೆ, ಇದ್ದದ್ದು ಇದ್ದ ಹಾಗೆ ಹೇಳಿ. ಹೇಳಿದ್ದಕ್ಕೆ ಏನೂ ಕೊಡಲ್ಲ. ಹೇಳದಿದ್ರೆ ನಿಮ್ಮ ಮಗೂಗೆ ಏನೂ ಕಡಿಮೆ ಆಗಲ್ಲ. ಬೇರೆಯವರ ಫೋನ್ ನಂಬರ್ ನಮಗೆ ಕೊಡಬೇಡಿ. ಬೇಕಾದ್ರೆ ಅವರೇ ಬರಲಿ. ಬುಧವಾರ ಮಧ್ಯಾಹ್ನ ಬಾಗಿಲು ತೆರೆದಿರುತ್ತೆ, ಯಾವ ಕ್ಲಾಸಿನೊಳಗೆ ಬೇಕಾದ್ರೂ ಕೂತು ನೋಡಬಹುದು."

ಹಿಂದಿನಿಂದ ಒಬ್ಬ ತಂದೆ ಕೈ ಎತ್ತಿದ. ಟೈಲರ್. "ಲ್ಯಾಬಲ್ಲಿ ಅರ್ಧಕ್ಕರ್ಧ ಸಾಮಾನೇ ಇಲ್ಲ ಅಂತಾನೂ ಹೇಳಬಹುದಾ?"

ಸೆಕ್ರೆಟರಿಯ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು.

"ಹೇಳಿ" ಅಂದೆ.

ಮಾರ್ಚ್ 12, ಬುಧವಾರ

ಬಾಗಿಲು ತೆರೆದಿತ್ತು. ಯಾರೂ ಬರಲಿಲ್ಲ. ಒಬ್ಬರೂ.

ಸಭೆಯಿಂದ ಎದ್ದು ಹೋದ ಆ ಇಬ್ಬರೂ ತಮ್ಮ ಮಕ್ಕಳ ಟಿ.ಸಿ. ಕೇಳಿದ್ದಾರೆ. ಸತ್ಯ ಹೇಳಿದರೆ ಒಳ್ಳೆಯದಾಗುತ್ತದೆ ಅಂತ ಯಾರು ಬರೆದುಕೊಟ್ಟಿದ್ದರು? ಶಾಲೆ ಮುಚ್ಚಿದರೆ ಅದರಲ್ಲಿ ನನ್ನ ಪಾಲೆಷ್ಟು? ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನಿಸುತ್ತದೆ. ಸ್ಟಾಫ್ ರೂಮಿಗೆ ಹೋಗುವುದನ್ನೇ ಬಿಟ್ಟಿದ್ದೇನೆ.

ಇರುವೆ ಮಾತ್ರ ಬಂದಳು. ಇವತ್ತೇ ಮೊದಲು. ಅಮ್ಮನ ಬೆರಳು ಹಿಡಿದು, ಗೇಟಿನ ತನಕ. ಒಳಗೆ ಬರಲು ಒಂದು ಹೆಜ್ಜೆ, ಹಿಂದಕ್ಕೆ ಒಂದು ಹೆಜ್ಜೆ. ಕೊನೆಗೆ ನನ್ನನ್ನು ಕೇಳಿದಳು, "ಸಂಜೆ ಗೇಟಲ್ಲಿ ನೀವಿರ್ತೀರಾ ಮಿಸ್?"

"ಇರ್ತೀನಿ."

ಇದ್ದೆ. ಕೊನೆಯ ಮಗು ಹೋಗುವ ತನಕ. ಯಾರು ಯಾರ ಜೊತೆ ಯಾವ ಕಡೆ ಹೋಗುತ್ತಾರೆ ಅಂತ ನೋಡುತ್ತಾ. ರಸ್ತೆಯಾಚೆಯ ಆ ಎತ್ತರದ ಬಿಲ್ಡಿಂಗನ್ನು ನೋಡದಿರಲು ಪ್ರಯತ್ನಿಸುತ್ತಾ.

ಮಾರ್ಚ್ 18, ಮಂಗಳವಾರ

ಡೆಸ್ಕಿನಲ್ಲೇ ಕೂತು ಬರೆಯುತ್ತಿದ್ದೇನೆ. ಮನೆಗೆ ಹೋಗುವ ತನಕ ತಡೆಯಲಾಗದು.

ಈಗಷ್ಟೇ ಇರುವೆಯ ಅಮ್ಮ ಬಂದಳು. ಜೊತೆಯಲ್ಲಿ ಇನ್ನೊಬ್ಬ ಹೆಂಗಸು, ಒಂದು ಪುಟ್ಟ ಹುಡುಗಿ. ಅಮ್ಮ ಒಳಗೆ ಬಂದವಳೇ, ಯಾರೋ ಆಪಾದನೆ ಹೊರಿಸುತ್ತಾರೆ ಅನ್ನುವ ಹಾಗೆ, "ನಾನು ಕರ್ಕೊಂಡು ಬಂದಿಲ್ಲ ಮಿಸ್. ಲಾಂಡ್ರಿಲಿ ನನ್ನ ಜೊತೆ ಕೆಲಸ ಮಾಡೋರು. ಸ್ಕೂಲ್ ಹೇಗೆ ಅಂತ ಇವರೇ ಕೇಳಿದ್ರು. ಎಲ್ಲಾ ಹೇಳಿದೆ. ಎಲ್ಲಾನೂ. ಆದ್ರೂ ನೋಡ್ತೀನಿ ಅಂದ್ರು."

ಆ ಹೆಂಗಸು ಕೂರಲಿಲ್ಲ. ಮಗುವಿನ ಕೈ ಬಿಗಿಯಾಗಿ ಹಿಡಿದಿದ್ದಳು. ತರಗತಿಗಳನ್ನು ತೋರಿಸಲು ಕರೆದುಕೊಂಡು ಹೋದೆ. ಬಯಲಲ್ಲಿ ಆರನೇ ತರಗತಿಯ ಆಟದ ಪೀರಿಯಡ್. ಇರುವೆ ನಮ್ಮನ್ನು ನೋಡಿ ಓಡಿಬಂದಳು, ಬ್ಯಾಗಿಲ್ಲದೆ ಎಷ್ಟು ಚಿಕ್ಕವಳಾಗಿ ಕಾಣುತ್ತಾಳೆ. ಆ ಹೆಂಗಸು ಬಗ್ಗಿ, "ನೀನು ಹೇಳು ಪುಟ್ಟಾ. ಇವಳನ್ನ ಇಲ್ಲಿಗೆ ಸೇರಿಸ್ಲಾ?" ಅಂದಳು.

ಇರುವೆಯ ಮುಖದಲ್ಲಿ ನಗು ಇದ್ದ ಹಾಗೇ ನಿಂತುಹೋಯಿತು. ಅಮ್ಮನನ್ನು ನೋಡಿದಳು. ನನ್ನನ್ನು ನೋಡಿದಳು. ಯಾವ ಉತ್ತರ ಕೊಟ್ಟರೆ ಸರಿ ಅಂತ ನಮ್ಮ ಮುಖಗಳಲ್ಲಿ ಹುಡುಕುತ್ತಿದ್ದಳು. ಬಲಗೈ ತಾನಾಗಿ ಎಡ ಮಣಿಕಟ್ಟಿಗೆ ಹೋಯಿತು.

ಅವರಿಬ್ಬರ ನಡುವೆ ಹೋಗಿ ನಿಂತೆ. "ಅವಳನ್ನ ಕೇಳಬೇಡಿ. ನನ್ನ ಕೇಳಿ."

ಇರುವೆಗೆ ಆಟಕ್ಕೆ ಹೋಗು ಅಂದೆ. ಹೋದಳು. ಅರ್ಧ ದಾರಿಯಲ್ಲಿ ಓಡತೊಡಗಿದಳು.

ಆ ಹೆಂಗಸು ನನ್ನನ್ನು ನೆಟ್ಟಗೆ ನೋಡಿದಳು. "ಸರಿ, ನಿಮ್ಮನ್ನೇ ಕೇಳ್ತೀನಿ. ಇವಳನ್ನ ಇಲ್ಲಿ ಬಿಟ್ಟು ಹೋದ್ರೆ ನಾನು ನೆಮ್ಮದಿಯಾಗಿ ಕೆಲಸ ಮಾಡಬಹುದಾ?"

ಹೌದು ಅನ್ನಬೇಕಿತ್ತು. ಆರನೇ ತರಗತಿ, ಸೆಕ್ರೆಟರಿ, ನನ್ನ ಡೆಸ್ಕು, ಎಲ್ಲ ಆ ಒಂದು ಹೌದಿಗೆ ಕಾಯುತ್ತಿದ್ದವು.

"ನನಗೇ ಇನ್ನೂ ನೆಮ್ಮದಿ ಬಂದಿಲ್ಲ" ಅಂದೆ. "ಅದಕ್ಕೇ ದಿನಾ ಗೇಟಲ್ಲಿ ನಿಂತಿರ್ತೀನಿ."

ಅವಳು ಮಗುವಿನ ಕೈ ಹಿಡಿದೇ ಒಂದನೇ ತರಗತಿಯೊಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ಇನ್ನೂ ಅಲ್ಲೇ ಇದ್ದಾಳೆ. ಇಲ್ಲಿಂದ ಅವಳ ಬೆನ್ನು ಕಾಣುತ್ತದೆ. ಹೊರಟು ಹೋಗುತ್ತಾಳೋ, ಫಾರಂ ಕೇಳುತ್ತಾಳೋ...  ಹುಡುಗಿ ಕೈ ಬಿಡಿಸಿಕೊಂಡು ಬೋರ್ಡಿನ ಹತ್ತಿರ ಹೋಗಿದ್ದಾಳೆ, ಟೀಚರ್ ಏನೋ ಕೇಳುತ್ತಿದ್ದಾರೆ, ಅವಳು —

ಬೆಲ್ಲು. ಗೇಟಿಗೆ ಹೋಗಬೇಕು. ಉಳಿದದ್ದು ಬಂದು